ಜೀವಿತಾವಧಿ ಗಣನೆ

ರೋಗಿಯು ಎಷ್ಟು ಕಾಲ ಬದುಕಿದನೆಂಬುದನ್ನು ಆಧಾರವಾಗಿಟ್ಟುಕೊಂಡು ಚಿಕಿತ್ಸೆಯ ಫಲವನ್ನು ನಿರ್ಣಯಿಸುವ ಗಣಿತಕ್ಕೆ ಜೀವಿತಾವಧಿ ಗಣನೆಯೆಂದು ಹೆಸರಿಡಬಹುದು. ‘ಅವಧಿ’ ಶಬ್ದಕ್ಕೆ ಸಂಸ್ಕೃತದಲ್ಲಿ ಎಲ್ಲೆಯೆಂದು ಅರ್ಥ. ಈ ಗಣನೆಯ ತೊಡಕೆಲ್ಲವೂ ಆ ಎಲ್ಲೆಯು ಕಾಣದೆ ಹೋಗುವುದರಲ್ಲಿಯೇ ಇದೆ.

ಬೆಂಗಳೂರು ದಂಡಿನ ಶಿವಾಜಿನಗರ, ಹಲಸೂರು, ಪೂರ್ವದ ಕೃಷ್ಣರಾಜಪುರ ಇವುಗಳಲ್ಲಿ ಕೂಲಿಗಾಗಿ ಬಂದು ನೆಲಸಿದವರು ಬಹುಮಂದಿ. ಅಂಥವರು ಕಾಯಿಲೆಯ ನಡುವೆ ಸ್ವಂತ ಊರಿಗೆ ಹೊರಟುಹೋದರೆ ಅವರನ್ನು ಬದುಕಿದವರಲ್ಲಿ ಎಣಿಸಬೇಕೆ, ಸತ್ತವರಲ್ಲಿಯೆ?

ದೃಷ್ಟಾಂತಕ್ಕಾಗಿ ೧೦ ಮಂದಿ ರೋಗಿಗಳನ್ನು ಕಲ್ಪಿಸಿಕೊಳ್ಳೋಣ. ಎರಡನೆಯ ತಿಂಗಳಲ್ಲಿ ಇಬ್ಬರು ಸತ್ತರು. ಮೂರನೆಯದರಲ್ಲಿ ಮೂವರು ಊರು ಬಿಟ್ಟರು. ನಾಲ್ಕನೆಯದರಲ್ಲಿ ಒಬ್ಬನು ಸತ್ತನು. ಹೋದವರನ್ನು ಬದುಕಿದವರೆಂದರೆ ಉಳಿದವರು ನೂರಕ್ಕೆ ೭೦, ಸತ್ತವರೆಂದರೆ ೪೦, ಲೆಕ್ಕದಿಂದಲೇ ತೆಗೆದರೆ ೫೭. ಒಂದೇ ವಹಿಯಿಂದ ಮೂರು ಉತ್ತರಗಳು!

ಈ ತೊಡಕಿಗೆ ೧೯೫೮ರಲ್ಲಿ ಅಮೆರಿಕದ ಕಪ್ಲಾನ್ ಮತ್ತು ಮೈಯರ್ ಎಂಬ ವಿದ್ವಾಂಸರು ಪ್ರಕಟಿಸಿದ ಕ್ರಮವು ಪರಿಹಾರವಾಗಿದೆ. ಹೋದವರನ್ನು ಅವರು ಕಣ್ಣಿಗೆ ಕಾಣುತ್ತಿದ್ದ ದಿನದವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಸಾವುಗಳ ಕಾಲದಲ್ಲಿ ೧೦ರಲ್ಲಿ ೮ ಮಂದಿ ಉಳಿದರು; ಎಂಟರಲ್ಲಿ ಮೂವರು ಹೋದಮೇಲೆ ನಿಂತ ೫ರಲ್ಲಿ ೪ ಮಂದಿ ಉಳಿದರು. ಈ ಎರಡು ಭಾಗಗಳನ್ನು ಗುಣಿಸಿದರೆ ನೂರಕ್ಕೆ ೬೪. ವಯಸ್ಸು ಮೊದಲಾದ ಭೇದಗಳನ್ನು ಗಣಿಸಿ ಎರಡು ಚಿಕಿತ್ಸೆಗಳನ್ನು ತೂಗುವ ಕ್ರಮವನ್ನು ಇಂಗ್ಲೆಂಡಿನ ಕಾಕ್ಸ್ ಎಂಬವರು ೧೯೭೨ರಲ್ಲಿ ತೋರಿಸಿದರು.

ಆದರೆ ಇಲ್ಲಿ ಒಂದು ನಿಯಮವುಂಟು: ಊರು ಬಿಟ್ಟವರ ಗತಿಯು ಉಳಿದವರ ಗತಿಯಂತೆಯೇ ಇರಬೇಕು. ಬದುಕುವ ಆಸೆ ತೊರೆದು, ಸಾಯುವುದಾದರೆ ಹುಟ್ಟೂರಿನಲ್ಲಿಯೇ ಎಂದು ಹೊರಟವರೇ ಅವರಾಗಿದ್ದರೆ, ೬೪ ಎಂಬುದು ನಿಜಕ್ಕಿಂತ ಹೆಚ್ಚಾಗುತ್ತದೆ. ನಿಷ್ಫಲವಾದ ಔಷಧವೂ ಸಫಲವೆಂದು ತೋರೀತು. ಯಾವ ಸೂತ್ರವೂ ಈ ದೋಷವನ್ನು ತಾನೇ ಕಂಡುಹಿಡಿಯಲಾರದು.

ಆದುದರಿಂದಲೇ, ಕಿದ್ವಾಯಿ ಸಂಸ್ಥೆಯಲ್ಲಿ ೧೯೮೨ರಲ್ಲಿ ಮೊದಲಾದ ಬೆಂಗಳೂರು ನಗರದ ಅರ್ಬುದರೋಗ ದಾಖಲೆಯವರು, ಮರಣಪತ್ರಗಳನ್ನಷ್ಟೇ ನಂಬದೆ ರೋಗಿಗಳ ಮನೆಗಳಿಗೂ ಹೋಗಿ ವಿಚಾರಿಸುವ ಕ್ರಮವನ್ನು ಕೈಕೊಂಡರು. ಬಾಗಿಲು ತಟ್ಟಿ ಕೇಳಿದ ಒಂದು ಉತ್ತರವು ಕಾಣದ ಒಂದು ಎಲ್ಲೆಯನ್ನು ಕಾಣಿಸುತ್ತದೆ. ಗಣಿತವು ಅದರ ಅನಂತರದ ಕಾರ್ಯ.