ಒಂದೇ ಕೌಂಟಿಯ ಸರ್ಕಾರಿ ಹೈಸ್ಕೂಲುಗಳ ಫಲಿತಾಂಶ ಹೋಲಿಸುವುದು ಹೇಗೆ?

ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯ ಸರ್ಕಾರಿ ಹೈಸ್ಕೂಲುಗಳನ್ನು ನಡೆಸುವುದು ಒಂದೇ ಶಾಲಾ ಮಂಡಳಿ. ಮಕ್ಕಳು ಬರೆಯುವ ರಾಜ್ಯಮಟ್ಟದ ಪರೀಕ್ಷೆಯೂ ಒಂದೇ. ಆದರೂ ಫಲಿತಾಂಶದಲ್ಲಿ ದೊಡ್ಡ ಅಂತರವಿದೆ. ಪಟ್ಟಿಗಳ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಕಾಣುವುದು ಥಾಮಸ್ ಜೆಫರ್ಸನ್ ವಿಜ್ಞಾನ ಮತ್ತು ತಂತ್ರಜ್ಞಾನ ಹೈಸ್ಕೂಲು. 1985ರಲ್ಲಿ ಆರಂಭವಾದ ಈ ಶಾಲೆಗೆ ಅರ್ಜಿ ಹಾಕಿ ಆಯ್ಕೆಯಾದವರಿಗಷ್ಟೇ ಪ್ರವೇಶ. ನೆರೆಯ ಕೌಂಟಿಗಳಿಂದಲೂ ಮಕ್ಕಳು ಬರುತ್ತಾರೆ. ಹೀಗೆ ಆರಿಸಿದ ಮಕ್ಕಳ ಅಂಕಗಳನ್ನು, ಬಡಾವಣೆಯ ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಯ ಅಂಕಗಳ ಪಕ್ಕದಲ್ಲಿಟ್ಟು ನೋಡುವುದು ನ್ಯಾಯವಲ್ಲ.

ಉಳಿದ ಶಾಲೆಗಳಿಗೆ ಹೆಚ್ಚಿನ ಮಕ್ಕಳು ಮನೆಯ ವಿಳಾಸದ ಪ್ರಕಾರ ಸೇರುತ್ತಾರೆ. ಲ್ಯಾಂಗ್ಲಿ ಹೈಸ್ಕೂಲಿನ ಸುತ್ತಲಿರುವುದು ಸಿರಿವಂತರ ಪ್ರದೇಶ. ಜಸ್ಟಿಸ್ ಹೈಸ್ಕೂಲಿನಲ್ಲಾದರೋ ವಲಸೆ ಬಂದ ಕುಟುಂಬಗಳ, ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವ ಮಕ್ಕಳು ಬಹಳ. ಹದಿನೈದರ ವಯಸ್ಸಿನಲ್ಲಿ ಹೊಸ ದೇಶಕ್ಕೆ ಬಂದ ಹುಡುಗಿ, ಬೀಜಗಣಿತ ಬಲ್ಲವಳಾದರೂ, ಪ್ರಶ್ನೆಯ ಭಾಷೆಯಲ್ಲೇ ಎಡವುತ್ತಾಳೆ. ಆ ಕಡಿಮೆ ಅಂಕವನ್ನು ಶಿಕ್ಷಕರ ಲೆಕ್ಕಕ್ಕೆ ಬರೆಯುವುದು ತಪ್ಪು.

ಹಾಗಾಗಿ ತೇರ್ಗಡೆಯ ಪ್ರಮಾಣಕ್ಕಿಂತ, ಅದೇ ಮಗು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂತು ಎಂಬ ಅಳತೆಯೇ ಹೆಚ್ಚು ನಂಬಲರ್ಹ. ನಾಲ್ಕು ವರ್ಷಗಳಲ್ಲಿ ಓದು ಮುಗಿಸಿದವರ ಪ್ರಮಾಣ, ಗೈರುಹಾಜರಿ, ಆರ್ಥಿಕವಾಗಿ ಹಿಂದುಳಿದ ಮಕ್ಕಳ ಪಾಲು, ಇವನ್ನೂ ಜೊತೆಗಿಟ್ಟು ನೋಡಬೇಕು. ವರ್ಜೀನಿಯಾದ ಶಿಕ್ಷಣ ಇಲಾಖೆ ಈ ಅಂಕಿಅಂಶಗಳನ್ನು ಶಾಲಾವಾರು ಪ್ರಕಟಿಸುತ್ತದೆ.