ಶಿಲೆಗೆ ಸಂದ ಮನ್ನಣೆ, ಕೊರಳಿಗೆ ಸಲ್ಲದ ಕಾಲ

ಅರಸೀಕೆರೆಯಲ್ಲಿ ರೈಲಿನಿಂದಿಳಿದು ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಸಾಗುವ ಯಾತ್ರಿಕರಿಗೆ ಹೊಯ್ಸಳರ ಕಲಾವೈಭವವು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ದೇಗುಲಗಳ ಭಿತ್ತಿಗಳಲ್ಲಿ ವಾದ್ಯ ನುಡಿಸುವ, ಹೆಜ್ಜೆಯಿಕ್ಕುವ ಹೆಂಗಳೆಯರನ್ನು ಕಂಡು ಮೆಚ್ಚದವರಿಲ್ಲ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದಾಗ, ಅದೇ ಪ್ರಾಕಾರದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಪಟ್ಟಮಹಿಷಿ ಶಾಂತಲಾದೇವಿ. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಗಿದ್ದ ಪ್ರಾವೀಣ್ಯವನ್ನು ಶಾಸನಗಳು ಕೊಂಡಾಡಿವೆ.

ರಾಣಿಯ ಕಲೆಗೆ ಶಾಸನದ ಮನ್ನಣೆ ದೊರೆಯಿತು. ಸಂಗೀತವನ್ನೇ ಬಾಳುವೆಯಾಗಿಸಿಕೊಂಡ ಸಾಮಾನ್ಯ ಹೆಣ್ಣಿನ ಪಾಡೇನು? ಆಕೆಯ ಹಾಡನ್ನು ತಲೆದೂಗಿ ಆಲಿಸಿದವರೇ ಆಕೆಯನ್ನು ಸಮಾನಳೆಂದು ಕಾಣಲು ಹಿಂಜರಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದರ ಹರೆಯದ ಗಂಗೂಬಾಯಿಯೂ ಒಬ್ಬಳು. ಮುಂದೆ ಗಂಗೂಬಾಯಿ ಹಾನಗಲ್ ಎಂದು ಜಗದ್ವಿಖ್ಯಾತರಾದ ಆಕೆಗೆ ಅಂದು ಕಾಡಿದ ಅಳುಕು ಸಭೆಯದಲ್ಲ. ಊಟವಾದ ಮೇಲೆ, ಕೆಳಜಾತಿಯವಳೆಂದು ತನ್ನಿಂದ ಎಂಜಲೆಲೆ ಎತ್ತಿಸಿಯಾರೆಂಬ ಅಳುಕು!

ಬೇಲೂರಿನ ಯಗಚಿಯು ಹೇಮಾವತಿಯನ್ನು ಸೇರಿ, ಹೇಮಾವತಿಯು ಕಾವೇರಿಯಲ್ಲಿ ಬೆರೆತು, ತಮಿಳುನಾಡಿನ ತಿರುವಯ್ಯಾರನ್ನು ಮುಟ್ಟುತ್ತದೆ. ತ್ಯಾಗರಾಜರು ಬಾಳಿ ಸಮಾಧಿಸ್ಥರಾದ ಆ ಕ್ಷೇತ್ರದಲ್ಲಿಯೇ ಕನ್ನಡನಾಡಿನ ಮತ್ತೊಬ್ಬ ಗಾಯಕಿ ತನ್ನ ಹಕ್ಕನ್ನು ಸಾಧಿಸಿದಳು. ಆಕೆಯೇ ಬೆಂಗಳೂರು ನಾಗರತ್ನಮ್ಮ.

1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಜನಿಸಿದ ನಾಗರತ್ನಮ್ಮ ಮದರಾಸಿನಲ್ಲಿ ಗಾಯನದಿಂದ ಕೀರ್ತಿಯನ್ನೂ ಐಶ್ವರ್ಯವನ್ನೂ ಗಳಿಸಿದರು. ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು 1910ರಲ್ಲಿ ಸಮಗ್ರವಾಗಿ ಪ್ರಕಟಿಸಿದಾಗ, ಅದು ಅಶ್ಲೀಲವೆಂದು ಸರ್ಕಾರ ನಿಷೇಧ ಹೇರಿತು. ಆ ನಿಷೇಧ ತೊಲಗಿದ್ದು 1947ರಲ್ಲಿ.

ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂಬ ವಾರ್ತೆ ತಿಳಿದಾಗ ಆಕೆಯ ಮನಸ್ಸು ಕಲಕಿತು. ತಮ್ಮ ಗಳಿಕೆಯನ್ನೇ ಸುರಿದು ಗುಡಿ ಕಟ್ಟಿಸಿದರು. ಅದರ ಪ್ರತಿಷ್ಠೆಯೂ ಆಯಿತು. ವಿಧಿಯ ವಿಡಂಬನೆಯೆಂದರೆ, ಅಲ್ಲಿ ವರ್ಷಂಪ್ರತಿ ಆರಾಧನೆ ನಡೆಸುತ್ತಿದ್ದ ಗಂಡಸರ ಎರಡು ಬಣಗಳೂ ಹೆಂಗಸರಿಗೆ ಹಾಡಲು ಎಡೆಗೊಡಲಿಲ್ಲ. ಗುಡಿ ಕಟ್ಟಿಸಿದವಳಿಗೇ ಗುಡಿಯ ಮುಂದೆ ಹಾಡುವ ಹಕ್ಕಿಲ್ಲ!

ನಾಗರತ್ನಮ್ಮ ಎದೆಗುಂದಲಿಲ್ಲ. ಗಾಯಕಿಯರನ್ನು ಕೂಡಿಸಿಕೊಂಡು ಗುಡಿಯ ಹಿಂಬದಿಯಲ್ಲಿ ಮಹಿಳೆಯರದೇ ಆರಾಧನೆಯನ್ನು ಆರಂಭಿಸಿದರು. ಭಾಷಣ ಸಾಧಿಸದುದನ್ನು ಕಚೇರಿ ಸಾಧಿಸಿತು. ವರ್ಷಗಳುರುಳಿ, ಬಣಗಳೆಲ್ಲ ಒಂದಾಗಿ, ಹೆಂಗಸರಿಗೂ ಆರಾಧನೆಯ ವೇದಿಕೆ ತೆರೆಯಿತು.

1952ರಲ್ಲಿ ನಾಗರತ್ನಮ್ಮ ತಿರುವಯ್ಯಾರಿನಲ್ಲೇ ಕಣ್ಮುಚ್ಚಿದರು. ತ್ಯಾಗರಾಜರ ಸನ್ನಿಧಿಯ ಸಮೀಪದಲ್ಲೇ ಆಕೆಯ ಸಮಾಧಿಯಿದೆ. ಇಂದು ಆರಾಧನೆಯ ದಿನ ಸ್ತ್ರೀಪುರುಷರು ಒಂದಾಗಿ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಅವರಲ್ಲಿ ಕುಳಿತ ಪ್ರತಿಯೊಬ್ಬ ಗಾಯಕಿಯೂ ಆಕೆಗೆ ಋಣಿ.