ಲಾಗ್ ಫಲಕದಲ್ಲಿ ಕಂಡ ೞಕಾರ

1794ರಲ್ಲಿ ಮದರಾಸಿನಲ್ಲಿ ಆರಂಭವಾದ ಮೋಜಣಿ ಶಾಲೆಯೇ ಮುಂದೆ ಗಿಂಡಿಯ ಎಂಜಿನಿಯರಿಂಗ್ ಕಾಲೇಜಾಗಿ ಬೆಳೆಯಿತು. ಕಂಡದ್ದನ್ನು ಕಂಡ ಗಳಿಗೆಯಲ್ಲಿಯೇ ಬರೆದಿಡುವುದು ಮೋಜಣಿದಾರನ ಮೊದಲ ಪಾಠ. ಗಣಕದ ‘ಲಾಗ್’ ಕೂಡ ಅಂತಹುದೇ ದಾಖಲೆ. ಯಾರು, ಯಾವಾಗ, ಏನನ್ನು ಕೇಳಿದರೆಂಬುದನ್ನು ಯಂತ್ರವು ಸಾಲುಸಾಲಾಗಿ ಬರೆಯುತ್ತ ಹೋಗುತ್ತದೆ.

ಹಳಗನ್ನಡ ಕಾವ್ಯಗಳ ಪದಶೋಧ ವ್ಯವಸ್ಥೆಯೊಂದನ್ನು ನಾವು ಗಿಂಡಿಯ ಲಿನಕ್ಸ್ ಸರ್ವರೊಂದರಲ್ಲಿ ಇರಿಸಿದ್ದೇವೆ. ಪದಗಳು ದೊರೆಯುತ್ತಿಲ್ಲವೆಂದು ಓದುಗರು ದೂರಿದಾಗ ಲಾಗಿನ ಹೊರತು ಬೇರೆ ಸಾಕ್ಷ್ಯವಿರಲಿಲ್ಲ. ಅದೂ ಹದಿನಾಲ್ಕು ದಿನಗಳಿಗೆ ಅಳಿದುಹೋಗುತ್ತಿತ್ತು.

ಆದಕಾರಣ ಮೂರು ತಂತ್ರಾಂಶಗಳನ್ನು ಸ್ಥಾಪಿಸಬೇಕಾಯಿತು. ಫೈಲ್‌ಬೀಟ್ ಲಾಗನ್ನು ಓದಿ ಸಾಗಿಸುತ್ತದೆ. ಎಲಾಸ್ಟಿಕ್‌ಸರ್ಚ್ ಅದಕ್ಕೆ ಸೂಚಿ ಕಟ್ಟುತ್ತದೆ. ಕಿಬಾನಾ ಬ್ರೌಸರಿನಲ್ಲಿ ಶೋಧಫಲಕವನ್ನು ತೋರಿಸುತ್ತದೆ. ತಯಾರಕರ ಭಂಡಾರವನ್ನು ಸೇರಿಸಿಕೊಂಡರೆ ಏಪ್ಟ್ ಆಜ್ಞೆಯೇ ಉಳಿದುದನ್ನು ನೋಡಿಕೊಳ್ಳುತ್ತದೆ. ಕಿಬಾನಾ 5601ನೆಯ ಪೋರ್ಟಿನಲ್ಲಿ, ತಾನಿರುವ ಯಂತ್ರಕ್ಕೆ ಮಾತ್ರ ಓಗೊಡುತ್ತದೆ. ಅದನ್ನು ಹಾಗೆಯೇ ಬಿಡುವುದು ಲೇಸು. ಓದುಗರ ಐಪಿ ವಿಳಾಸಗಳು ಲಾಗಿನಲ್ಲಿರುತ್ತವೆ.

ಕನ್ನಡಕ್ಕೆ ಒಂದು ವಿಶೇಷ ತೊಡಕುಂಟು. ಯುಟಿಎಫ್-8ರಲ್ಲಿ ನಮ್ಮ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟುಗಳು. ಜಾಲವಿಳಾಸದಲ್ಲಿ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆಗಳು. ಹೀಗೆ ‘ಕನ್ನಡ’ ಎಂಬ ಪದವು ಲಾಗಿನಲ್ಲಿ 45 ಚಿಹ್ನೆಗಳ ಒಗಟಾಗಿ ನಿಲ್ಲುತ್ತದೆ. ಸೂಚಿಗೆ ಸೇರುವ ಮುನ್ನ ಇದನ್ನು ಬಿಡಿಸುವ ‘ಯುಆರ್‌ಎಲ್ ಡಿಕೋಡ್’ ಸಂಸ್ಕಾರ ಅನಿವಾರ್ಯ.

ನಮ್ಮ ಕಾರ್ಯಕ್ರಮವು ಪ್ರತಿ ಪದದೊಡನೆ ಫಲಿತಗಳ ಸಂಖ್ಯೆಯನ್ನೂ ಬರೆಯುತ್ತದೆ. ಸಂಖ್ಯೆ ಸೊನ್ನೆಯಾದ ಸಾಲುಗಳನ್ನಷ್ಟೇ ಫಲಕದಲ್ಲಿ ಸೋಸಿದಾಗ ‘ನೆಳಲ್’ ಮತ್ತೆ ಮತ್ತೆ ಕಾಣಿಸಿತು. ನಾನು ಅದನ್ನು ಓದುಗರ ಅಜ್ಞಾನವೆಂದು ತಳ್ಳಿಹಾಕಿದ್ದೆ. ಸರ್ವರನ್ನು ನೋಡಿಕೊಳ್ಳುವ ತಮಿಳು ತರುಣನು ಪದದ ಅರ್ಥವನ್ನು ಕೇಳಿ ತಿಳಿದು, ಇದು ತಮ್ಮ ‘ನಿೞಲ್’ ಅಲ್ಲವೇ, ಅಕ್ಷರ ಬೇರೆಯಾಯಿತೇಕೆ ಎಂದನು. ಕನ್ನಡವು ಕೈಬಿಟ್ಟ ೞಕಾರ ಅವನ ನಾಲಗೆಯಲ್ಲಿ ಜೀವಂತವಾಗಿತ್ತು. ಪಠ್ಯದಲ್ಲಿ ‘ನೆೞಲ್’ ಇದೆ. ಇಂದಿನ ಓದುಗನು ತಾನು ಬಲ್ಲ ಳಕಾರವನ್ನು ಒತ್ತಿ ಬರಿಗೈಯಲ್ಲಿ ಮರಳುತ್ತಿದ್ದನು.

ಸೂಚಿಯಲ್ಲಿ ೞವನ್ನು ಳ ಎಂದೇ ಎಣಿಸುವುದು ಸುಲಭ. ಆದರೆ ಆಗ ಬದುಕೆಂಬ ‘ಬಾೞ್’ ಕತ್ತಿಯೆಂಬ ‘ಬಾಳ್’ನೊಡನೆ ಬೆರೆತುಹೋಗುತ್ತದೆ, ಗ್ರಂಥಸಂಪಾದಕನು ಇದನ್ನು ಒಪ್ಪಲಾರ. ಆದ್ದರಿಂದ ಎರಡು ಸೂಚಿಗಳನ್ನು ಇಟ್ಟಿದ್ದೇವೆ: ಯಥಾವತ್ ರೂಪದ ಫಲಿತಗಳು ಮೊದಲು, ಬೆರೆಸಿದವು ಅನಂತರ. ಸೊನ್ನೆಯ ಪಟ್ಟಿಯಲ್ಲಿ ‘ನೆಳಲ್’ ಈಗ ಇಲ್ಲ. ಱಕಾರದ ಪದಗಳ ಸರದಿ ಇನ್ನೂ ಬಂದಿಲ್ಲ.